ಲಾಂಡ್ರಿ ಬೇಡವೆಂದ ಬಟ್ಟೆ

ಕೊಳೆ ಬಟ್ಟೆ ಬರುವ ಬಾಗಿಲು ಒಂದು, ಒಗೆದ ಬಟ್ಟೆ ಹೋಗುವ ಬಾಗಿಲು ಇನ್ನೊಂದು. ನಡುವೆ ಚಾವಣಿಯವರೆಗೆ ಎದ್ದ ಗೋಡೆ. ಆ ಗೋಡೆಯಲ್ಲಿ ಹುದುಗಿಸಿ ನಿಲ್ಲಿಸಿದ ದೊಡ್ಡ ವಾಷಿಂಗ್ ಮೆಷೀನುಗಳಿಗೆ ಎರಡೆರಡು ಬಾಯಿ. ಈ ಬದಿಯವರು ತುಂಬಬೇಕು, ಆ ಬದಿಯವರು ತೆಗೆಯಬೇಕು. ಕೊಳೆ ಮುಟ್ಟಿದ ಕೈ ಒಗೆದ ಬಟ್ಟೆಗೆ ತಾಗಕೂಡದು. ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ ಹೀಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಚೆನ್ನೈಯ ಕೀಲ್ಪಾಕಿನ ನರ್ಸಿಂಗ್ ಹೋಮಿನಲ್ಲಿ ಗಾಲ್ ಬ್ಲಾಡರ್ ತೆಗೆಸಿಕೊಂಡು ಮಲಗಿದ್ದಾಗ ನನ್ನ ಕೆಳಗಿನ ಬೆಡ್‌ಶೀಟ್ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಯೋಚಿಸಿದವಳಲ್ಲ.

ಅಲ್ಲಿಗೆ ಹೋದದ್ದು ಕೇಸ್ ಬರೆಯಲು. ಮ್ಯಾನೇಜ್‌ಮೆಂಟ್ ಪಾಠದಲ್ಲಿ ಕೇಸ್ ಎಂದರೆ ಒಂದು ಕಂಪನಿಯ ನಿಜವಾದ ಕಥೆ, ಆದರೆ ಅರ್ಧ ಕಥೆ. ಯಜಮಾನರು ಒಂದು ಕಷ್ಟದ ನಿರ್ಧಾರ ತೆಗೆದುಕೊಳ್ಳಬೇಕಾದ ಗಳಿಗೆಯವರೆಗೆ ಬರೆದು ನಿಲ್ಲಿಸಿಬಿಡುತ್ತೇವೆ. ಮುಂದಿನದನ್ನು ಕ್ಲಾಸಿನಲ್ಲಿ ಕೂತವರು ವಾದಿಸಬೇಕು. ಬರೆದವರ ಅಭಿಪ್ರಾಯ ಕೇಸಿನಲ್ಲಿ ಇರುವಂತಿಲ್ಲ. ಅದು ಟೀಚಿಂಗ್ ನೋಟ್ ಎಂಬ ಬೇರೆ ಕಾಗದದಲ್ಲಿ, ಪಾಠ ಮಾಡುವವರ ಕಣ್ಣಿಗೆ ಮಾತ್ರ. ಕೊನೆಗೆ ಕಂಪನಿಯವರು ಓದಿ ಒಪ್ಪಿಗೆ ಸಹಿ ಹಾಕದಿದ್ದರೆ ಎಲ್ಲವೂ ಕಪಾಟಿಗೆ.

ಇನ್‌ಸ್ಟಿಟ್ಯೂಟಿನ ಪಾಠದಿಂದ ನಿವೃತ್ತಳಾದ ಮೇಲೆ ಈ ಕೆಲಸಕ್ಕೆ ನನ್ನನ್ನು ಯಾರೂ ಕರೆಯಲಾರರು ಎಂದುಕೊಂಡಿದ್ದೆ. ಹೋದ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಇನ್‌ಸ್ಟಿಟ್ಯೂಟಿನ ಡೀನ್ ಫೋನ್ ಮಾಡಿದ. ಅವನು ಒಂದು ಕಾಲಕ್ಕೆ ನನ್ನ ಕ್ಲಾಸಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಕ್ರಾಸ್‌ವರ್ಡ್ ಬಿಡಿಸುತ್ತಿದ್ದವನು. ಈಗ ಅವನ ಕೈಕೆಳಗೆ ದೊಡ್ಡ ಸಂಸ್ಥೆಯಿದೆ. "ಮೇಡಂ, ಫ್ಯಾಮಿಲಿ ಬಿಸಿನೆಸ್ ಮೇಲೆ ಒಂದು ಕೇಸ್ ಬೇಕು. ಆ ಮನೆಯವರು ನಿಮ್ಮ ಕನ್ನಡದವರು. ನಮ್ಮ ಹುಡುಗರು ಹೋದರೆ ಬ್ರೋಷರ್ ಕೊಟ್ಟು ಕಳಿಸುತ್ತಾರೆ. ನೀವಾದರೆ ಊಟ ಹಾಕಿ ಮಾತಾಡುತ್ತಾರೆ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕ.

ಊಟವನ್ನೇನೋ ಹಾಕಿದರು. ಯಜಮಾನರು ಧಾರವಾಡದ ಕಡೆಯಿಂದ ಬಂದ ಲಿಂಗಾಯತರ ಮನೆಯವರು. ಅವರ ತಂದೆ ಮದ್ರಾಸಿಗೆ ಬಂದು ಒಂದೇ ಒಂದು ಬಾಯ್ಲರ್ ಇಟ್ಟು ಈ ಲಾಂಡ್ರಿ ಕಟ್ಟಿದವರು. ಕಂಪನಿಗೆ ಅವರದೇ ಹೆಸರು. ಯಜಮಾನರಿಗೆ ಎಪ್ಪತ್ತರ ಹತ್ತಿರ. ಹಣೆಯ ತುಂಬ ವಿಭೂತಿ, ಮೇಲೆ ಅರ್ಧ ತೋಳಿನ ಶರ್ಟು, ಕಾಲಿಗೆ ಗಂಬೂಟು. ನನ್ನ ಮೈಸೂರು ಕನ್ನಡವನ್ನೂ ಅದರಲ್ಲಿ ಬೆರೆತ ಕಾನ್ವೆಂಟ್ ಇಂಗ್ಲಿಷನ್ನೂ ಸ್ವಲ್ಪ ಹೊತ್ತು ಕೇಳಿ, ಟೀಚರಮ್ಮನವರನ್ನು ತಮ್ಮ ಕಡೆ ಕರೆಯುವಂತೆ 'ಅಕ್ಕಾರ' ಎಂದೇ ಕರೆಯಲು ತೀರ್ಮಾನಿಸಿದರು.

"ಬರ್ರಿ ಅಕ್ಕಾರ. ಇಲ್ಲಿ ನೋಡ್ರಿ. ರಕ್ತದ ಅರಿವಿಗೆ ಮೊದಲ ತಣ್ಣೀರು. ಬಿಸಿನೀರು ಬಿತ್ತೋ, ರಕ್ತ ಬೆಂದು ನೂಲಿನಾಗ ಕುಂತುಬಿಡತೈತಿ. ಆಮ್ಯಾಲೆ ನೀವು ಎಷ್ಟ ತೊಳ್ಕೋರಿ, ಹೋಗಂಗಿಲ್ಲ."

ಅವರು ಬಟ್ಟೆಯನ್ನು 'ಅರಿವಿ' ಎನ್ನುವಾಗ ನನಗೆ ಒಂಥರಾ ಸಂತೋಷವಾಗುತ್ತಿತ್ತು. ಎಷ್ಟು ವರ್ಷವಾಗಿತ್ತೋ ಈ ಊರಿನಲ್ಲಿ ಆ ಮಾತು ಕಿವಿಗೆ ಬಿದ್ದು.

ಹಲವು ವಾರ ಹೋಗಿ ಬಂದೆ. ವಾರ್ಡಿನಿಂದ ಬರುವ ಬಣ್ಣಬಣ್ಣದ ಚೀಲಗಳನ್ನು ಬೇರ್ಪಡಿಸುವುದನ್ನು, ಆಪರೇಷನ್ ಥಿಯೇಟರಿನ ಹಸಿರು ಗೌನುಗಳನ್ನು ಬೆಳಕಿಗೆ ಹಿಡಿದು ತೂತು ಹುಡುಕುವುದನ್ನು, ಬಿಸಿ ರೋಲರಿನ ಕೆಳಗೆ ಬೆಡ್‌ಶೀಟು ಹಪ್ಪಳದಂತೆ ಹೊರಬರುವುದನ್ನು ನೋಡಿದೆ. ಆಸ್ಪತ್ರೆಯ ಮೇಟ್ರನ್‌ಗಳನ್ನು ಕಂಡು ಮಾತಾಡಿದೆ. ಈ ಲಾಂಡ್ರಿಯ ಗಾಡಿ ಒಮ್ಮೆಯಾದರೂ ತಡವಾಗಿ ಬಂದದ್ದು ಅವರಲ್ಲಿ ಯಾರಿಗೂ ನೆನಪಿರಲಿಲ್ಲ.

ಆದರೆ ನನ್ನ ಕುತೂಹಲ ಇದ್ದದ್ದು ಬೇರೆ ಕಡೆ. ಎಲ್ಲ ಕಂಪನಿಗಳೂ ಬೆಳೆಯಬೇಕೆಂದು ಕಂಡ ಕಂಡ ಗಿರಾಕಿಯ ಹಿಂದೆ ಓಡುವಾಗ ಈ ಮನೆಯವರು ಗಿರಾಕಿಗಳನ್ನು ವಾಪಸು ಕಳಿಸುತ್ತಿದ್ದರು. ಹೊಟೇಲುಗಳು ಬೇಡ. ಸಮುದ್ರದ ಬದಿಯ ರೆಸಾರ್ಟುಗಳು ಬೇಡ. ವಿಮಾನಕ್ಕೆ ಊಟ ಕಟ್ಟುವವರು ತಾವಾಗಿ ಬಂದು ಕೇಳಿದರೂ ಬೇಡ. "ಯಾಕೆ?" ಎಂದು ಕೇಳಿದೆ.

"ನಮ್ಮ ಕೆಲಸ ಆಸ್ಪತ್ರೀದು, ಅಕ್ಕಾರ. ಅದರಾಗ ಮನಸಿಡಬೇಕು. ಎಲ್ಲಾ ಮಾಡಾಕ ಹೋದ್ರ ಯಾವುದೂ ಆಗಂಗಿಲ್ಲ."

ಕೇಳುತ್ತಿದ್ದಂತೆ ನನ್ನ ಪೆನ್ನು ಓಡಿತು. ನಲವತ್ತು ವರ್ಷ ನಾನು ಬೋರ್ಡಿನ ಮೇಲೆ ಬರೆದದ್ದೇ ಅದು: ಏನು ಮಾಡಬಾರದೆಂದು ನಿರ್ಧರಿಸುವುದೇ ಸ್ಟ್ರಾಟಜಿ. ಪುಸ್ತಕ ಓದದ ಒಬ್ಬ ಯಜಮಾನರು ಅದನ್ನೇ ಧಾರವಾಡದ ಕನ್ನಡದಲ್ಲಿ ಹೇಳಿಬಿಟ್ಟರಲ್ಲ!

ಕೇಸಿನ ಕರಡು ಅರ್ಧಕ್ಕೆ ಬಂದಿತ್ತು. ಆಗ ಡೀನ್ ಇನ್ನೊಂದು ಬೇಡಿಕೆ ಇಟ್ಟ. ಇನ್‌ಸ್ಟಿಟ್ಯೂಟಿಗೆ ನೆರವು ಕೊಡುವ ಕಂಪನಿಗಳಿಗೆ ಕಳಿಸುವ ಕಿರುಹೊತ್ತಿಗೆಗೆ ಒಂದೇ ಪುಟ ಬೇಕು, ಆ ಲಾಂಡ್ರಿಯಿಂದ ಕಲಿಯಬೇಕಾದ ಪಾಠಗಳು. "ದೊಡ್ಡವರಿಗೆ ಕೇಸ್ ಓದಲು ಟೈಮ್ ಇಲ್ಲ ಮೇಡಂ. ಲೆಸನ್ಸ್ ಮಾತ್ರ ಕೊಡಿ." ಪದ್ಧತಿಯ ಪ್ರಕಾರ ಪಾಠ ಕೊನೆಗೆ ಬರಬೇಕು, ಅದೂ ಟೀಚಿಂಗ್ ನೋಟಿನಲ್ಲಿ. ಆದರೂ ಬರೆದೆ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಪ್ರೆಸಿ ಎಂಬ ಸಾರಾಂಶ ಬರೆಸಿ ಬರೆಸಿ ಕೈ ಪಳಗಿಸಿದ್ದರು, ಒಂದು ಪುಟ ಎಂದರೆ ನನಗೆ ಒಂದು ಬೆಳಗಿನ ಕೆಲಸ. 'ಬೇಡ ಎನ್ನುವ ಧೈರ್ಯ' ಎಂದು ಇಂಗ್ಲಿಷಿನಲ್ಲಿ ತಲೆಬರಹ ಕೊಟ್ಟೆ. ಚೆನ್ನಾಗಿ ಬಂದಿತ್ತು ಎಂದು ಈಗಲೂ ಹೇಳಬಲ್ಲೆ. ತಪ್ಪೇನಾದರೂ ಇದ್ದರೆ ತಿಳಿಸಿ ಎಂದು ಒಂದು ಪ್ರತಿಯನ್ನು ಯಜಮಾನರಿಗೂ ಕಳಿಸಿದೆ.

ಅವರು ಏನನ್ನೂ ತಿದ್ದಲಿಲ್ಲ. ಬದಲಿಗೆ ಅವರ ಸೊಸೆಯ ಫೋನ್ ಬಂತು.

"ಆಂಟಿ, ಫ್ರೀ ಇದ್ರೆ ಅಂಬತ್ತೂರಿಗೆ ಬರ್ತೀರಾ? ನನ್ನ ಯೂನಿಟ್‌ಗೆ. ನಿಮ್ಮ ಪೇಪರ್ ವಿಷಯ ಮಾತಾಡಬೇಕು."

ಸೊಸೆಯನ್ನು ಅದುವರೆಗೆ ಊಟದ ಹೊತ್ತಿನಲ್ಲಿ ಮಾತ್ರ ಕಂಡಿದ್ದೆ. ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು, ಕನ್ನಡದ ನಡುವೆ ತಮಿಳು ನುಸುಳುವ ಮಾತಿನವಳು, ಟೆಕ್ಸ್‌ಟೈಲ್ ಇಂಜಿನಿಯರ್. ಅವಳ ಗಂಡ ಡಾಕ್ಟರು, ಲಾಂಡ್ರಿಯ ಗೋಜಿಗೇ ಬರುವವನಲ್ಲ. ಮಾವನ ಜೊತೆ ಕಂಪನಿ ನಡೆಸುತ್ತಿದ್ದವಳು ಇವಳೇ. ಅಂಬತ್ತೂರಿನ ಎರಡನೇ ಯೂನಿಟ್ಟನ್ನು ನಕ್ಷೆಯಿಂದ ಹಿಡಿದು ಡ್ರೈನೇಜಿನವರೆಗೆ ತಾನೇ ನಿಂತು ಕಟ್ಟಿಸಿದ್ದಳು, ಒಂದು ದೊಡ್ಡ ಆಸ್ಪತ್ರೆಯ ಕೆಲಸವನ್ನೇ ನಂಬಿ. ಆ ಆಸ್ಪತ್ರೆ ಈಗ ಒಮ್ಮೆ ತೊಟ್ಟು ಬಿಸಾಡುವ ಗೌನುಗಳಿಗೆ ಬದಲಾಗಿತ್ತು, ಉಳಿದದ್ದಕ್ಕೆ ತನ್ನದೇ ಲಾಂಡ್ರಿ ಹಾಕಿಕೊಂಡಿತ್ತು.

ನಾನು ಹೋದಾಗ ಅರ್ಧ ಮೆಷೀನುಗಳು ಬಾಯಿ ತೆರೆದು ಸುಮ್ಮನೆ ನಿಂತಿದ್ದವು. ಮಡಿಕೆ ಮಾಡುವ ಉದ್ದನೆಯ ಮೇಜಿನ ಬಳಿ ಹೆಂಗಸರು ಕೆಲಸವಿಲ್ಲದೆ ತಮ್ಮ ತಮ್ಮ ದುಪಟ್ಟಾಗಳನ್ನೇ ಮಡಿಸುತ್ತ ಹರಟುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ಅವಳು ಕೂರಲು ಕೈಸನ್ನೆ ಮಾಡಿದಳು.

"ಒಂದು ಹೊಟೇಲ್ ಗ್ರೂಪ್ ಬಂದಿದೆ, ಆಂಟಿ. ಅವರ ಅಷ್ಟೂ ಲಿನನ್ ನಂಗೇ ಕೊಡ್ತಾರೆ. ಹಾಸ್ಪಿಟಲ್ ಬಟ್ಟೆ ಜೊತೆ ಹೊಟೇಲ್ ಬಟ್ಟೆ ಒಗೀಬಾರ್ದು, ಕರೆಕ್ಟು. ಅದಕ್ಕೇ ಈ ಯೂನಿಟ್ಟನ್ನ ಪೂರ್ತಿ ಹೊಟೇಲಿಗೇ ಮಾಡಿಬಿಡೋಣ ಅಂದೆ. ಆಡಿ ಮಾಸ ಹುಟ್ಟೋಕೆ ಮುಂಚೆ, ಅಂದ್ರೆ ಜುಲೈ ಮಧ್ಯದೊಳಗೆ, ಅವರಿಗೆ ಆನ್ಸರ್ ಬೇಕು. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತಾರೆ, ನಾನು ಇದನ್ನ ಮುಚ್ಚಬೇಕು. ಇವರೆಲ್ಲಾ ಎಲ್ಲಿ ಹೋಗ್ತಾರೆ? ಪಾವಂ."

"ಮಾವ ಏನು ಹೇಳಿದರು?"

"ಏನೂ ಹೇಳಲ್ಲ. ನಿಮ್ಮ ಪೇಪರನ್ನ ಲ್ಯಾಮಿನೇಟ್ ಮಾಡಿಸಿ ಆಫೀಸ್ ಗೋಡೆಗೆ ಮಾಟ್ಟಿಬಿಟ್ಟಿದ್ದಾರೆ. ನಾನು ಬಾಯಿ ತೆಗೆದ್ರೆ ಸಾಕು, ಅದನ್ನ ತೋರಿಸ್ತಾರೆ. 'ಓದವ್ವಾ, ಇನ್‌ಸ್ಟಿಟ್ಯೂಟಿನ ಅಕ್ಕಾರ ಬರದಾರ' ಅಂತ." ಅವಳು ನಕ್ಕಳು, ಆದರೆ ನಗೆ ಬಹಳ ಹೊತ್ತು ನಿಲ್ಲಲಿಲ್ಲ. "ಮುಂಚೆ ಅವರ ಹತ್ರ ಆರ್ಗ್ಯುಮೆಂಟ್ ಇರ್ಲಿಲ್ಲ ಆಂಟಿ. ನೀವು ಕೊಟ್ರಿ."

ಅಣ್ಣಾ ನಗರದ ನನ್ನ ಮನೆಗೆ ಬಂದು ಫೈಲುಗಳನ್ನೆಲ್ಲ ಮತ್ತೆ ಹರವಿಕೊಂಡೆ. ಒಂದು ಕಂಪನಿಯ ಬಗ್ಗೆ ಏನಾದರೂ ತೀರ್ಮಾನಕ್ಕೆ ಬಂದ ಮೇಲೆ, ಆ ತೀರ್ಮಾನಕ್ಕೆ ಹೊಂದದ ಸಂಗತಿಗಳನ್ನು ಹುಡುಕಬೇಕು; ವಿದ್ಯಾರ್ಥಿಗಳಿಗೆ ನಾನು ಹೇಳಿಕೊಡುತ್ತಿದ್ದ ಕ್ರಮ ಇದು. ಪಾಠದ ಪುಟ ಬರೆಯುವ ಅವಸರದಲ್ಲಿ ಆ ಹಂತವನ್ನು ಬಿಟ್ಟುಬಿಟ್ಟಿದ್ದೆ. ಈಗ ಹುಡುಕಿದರೆ ಎರಡು ಸಿಕ್ಕವು. ಕೀಲ್ಪಾಕಿನ ಹಳೆಯ ಗಿರಾಕಿ ಆಸ್ಪತ್ರೆಯೊಂದು ತನ್ನ ಕ್ಯಾಂಟೀನಿನ ಮೇಜುಬಟ್ಟೆಗಳನ್ನೂ ಒಗೆದು ಕೊಡಿ ಎಂದಾಗ ಇವರು ಒಪ್ಪಿರಲಿಲ್ಲ. ಅದೇ ಆಸ್ಪತ್ರೆ, ಅದೇ ಗಾಡಿ, ಬರಿಯ ಒಂದು ಚೀಲ ಹೆಚ್ಚು. ಇನ್ನೊಂದು, ಟ್ರಿಪ್ಲಿಕೇನಿನ ಒಂದು ಲಾಡ್ಜಿನ ಬಟ್ಟೆ ಮಾತ್ರ ತಂದೆಯವರ ಕಾಲದಿಂದಲೂ ಇಲ್ಲಿಗೆ ಬರುತ್ತಿತ್ತು. ಆಸ್ಪತ್ರೆಯೇ ಫೋಕಸ್ ಆದರೆ ಲಾಡ್ಜ್ ಯಾಕೆ?

ಬಿಸಿಲಿನಲ್ಲಿ ಟ್ರಿಪ್ಲಿಕೇನಿಗೆ ಹೋದೆ. ಲಾಡ್ಜಿನ ಕೆಳಗೇ ಮೆಸ್ಸು. ಮ್ಯಾನೇಜರರು ಬಾಳೆಲೆಯ ಮುಂದೆ ಕೂರಿಸಿ ಸಾಂಬಾರ್ ಬಡಿಸುತ್ತ ತಮಿಳಿನಲ್ಲಿ ಹೇಳಿದರು: ಬೆಡ್‌ಶೀಟಷ್ಟೇ ಅಲ್ಲ, ಮೇಲಿನ ಹಾಲಿನ ಮೇಜುಬಟ್ಟೆ, ಕೈ ಒರೆಸುವ ಬಟ್ಟೆ ಎಲ್ಲ ಅಲ್ಲಿಗೇ. "ಅವರು ನಮ್ಮಲ್ಲಿ ಮಾತ್ರ ತೊಗೊಳ್ತಾರಮ್ಮಾ. ಪಕ್ಕದ ಹೊಟೇಲಿನವರು ಕೇಳಿದ್ದಕ್ಕೆ ಆಗೋದಿಲ್ಲ ಅಂದುಬಿಟ್ಟರು." ಪಕ್ಕದ ಹೊಟೇಲನ್ನು ಬರುವಾಗಲೇ ನೋಡಿದ್ದೆ. ಬಾಗಿಲಲ್ಲೇ ದೊಡ್ಡ ಬಿರಿಯಾನಿ ಹಂಡೆ.

ಯಜಮಾನರ ಮನೆಗೆ ಹೋದದ್ದು ಒಂದು ಸೋಮವಾರ ಮಧ್ಯಾಹ್ನ. ಅವರು ಪೂಜೆ ಮುಗಿಸಿ ಊಟಕ್ಕೆ ಕೂತಿದ್ದರು, ಸೊಸೆ ಬಡಿಸುತ್ತಿದ್ದಳು. ಸುತ್ತು ಬಳಸದೆ ಕೇಳಿದೆ: "ಲಾಡ್ಜಿನ ಸಾಂಬಾರ್ ಕಲೆ ಆಗತ್ತೆ, ಆಸ್ಪತ್ರೆ ಕ್ಯಾಂಟೀನಿಂದು ಯಾಕೆ ಆಗಲ್ಲ?"

ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಅದು ಬರೀ ಎಣ್ಣೀ ಕಲಿ, ಅಕ್ಕಾರ. ಬ್ಯಾರೆ ಕೆಮಿಕಲ್ ಬೇಕು."

"ಸಾಂಬಾರಲ್ಲೂ ಎಣ್ಣೆ ಇರುತ್ತಲ್ಲ."

ಸೊಸೆ ಪಲ್ಯದ ಪಾತ್ರೆ ಹಿಡಿದು ನಿಂತೇ ಇದ್ದಳು. ಯಜಮಾನರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಕೊನೆಗೆ ತಟ್ಟೆ ನೋಡುತ್ತ ಹೇಳಿದರು. "ನಮ್ಮಪ್ಪ ಅಂತಿದ್ದ, ಜಡ್ಡು ಬಿದ್ದವರ ಅರಿವಿ ತೊಳ್ಯೂದು ಪುಣ್ಯೇದ ಕೆಲಸ ಅಂತ. ರಕ್ತ ಇರಲಿ, ಕೀವು ಇರಲಿ, ನನಗೇನೂ ಅನಸಂಗಿಲ್ರೀ. ಆದ್ರ ಮಾಂಸ ತಿಂದು ಕೈ ಒರಸಿದ್ದು... ನನಗ ಆಗಂಗಿಲ್ಲ. ಕೈ ಹಚ್ಚಾಕ ಆಗಂಗಿಲ್ಲ. ಬಾಯ್ಲರ್ ಮುಂದ ದಿನಾ ಪೂಜಿ ಮಾಡ್ತೀನಿ ನಾನು."

"ಮಾವಾ, ಪೇಷಂಟ್ಸ್ ಮಟನ್ ಸೂಪ್ ಕುಡಿಯಲ್ವಾ? ಶೀಟ್ ಮೇಲೆ ಚೆಲ್ಲಲ್ವಾ? ದಿನಾ ನಾವು ಅದನ್ನೂ ತಾನೇ ಒಗೀತಿರೋದು?"

"ಅದು ಔಷಧ."

"ಎಗ್ ಬುರ್ಜಿ?"

"ಅದೂ ಔಷಧ. ನೀ ಪಲ್ಯಾ ಹಾಕು."

ಅವಳು ಪಲ್ಯ ಹಾಕಿದಳು. ನನಗೆ ನಗು ತಡೆಯುವುದು ಕಷ್ಟವಾಯಿತು. ಅವರಿಗೂ ಬಂದಿರಬೇಕು, ತೋರಿಸಲಿಲ್ಲ. ಕೈ ತೊಳೆದು ಬಂದ ಮೇಲೆ ತಗ್ಗಿದ ದನಿಯಲ್ಲಿ, "ಇದನ್ನ ಬರೀಬ್ಯಾಡ್ರಿ ಅಕ್ಕಾರ," ಎಂದರು. "ಮಂದಿ ಹಳೇ ಕಾಲದಾಂವ ಅಂತಾರ. ನೀವು ಬರದದ್ದ ಚಲೋ ಐತಿ, ಅದ ಇರ್ಲಿ."

ಅದು ಇರುವಂತಿರಲಿಲ್ಲ. ನಾನು ಬರೆದದ್ದು ನಡೆದದ್ದಲ್ಲ ಎಂದು ಈಗ ನನಗೆ ಗೊತ್ತು. ಗೆದ್ದ ಕಂಪನಿಗೆ ಹೋಗಿ ಹೇಗೆ ಗೆದ್ದಿರಿ ಎಂದು ಕೇಳಿದರೆ ಎಲ್ಲರೂ ಒಂದು ಅಚ್ಚುಕಟ್ಟಾದ ಕಾರಣ ಕೊಡುತ್ತಾರೆ. ನಾವು ಅದಕ್ಕೆ ಇಂಗ್ಲಿಷ್ ಹೆಸರಿಟ್ಟು ಪುಸ್ತಕ ಮಾಡುತ್ತೇವೆ. ಒಳಗಿನದು ಒಬ್ಬ ಮನುಷ್ಯನ ಓಕರಿಕೆಯೋ ಭಕ್ತಿಯೋ ಆಗಿರಬಹುದು. ಅದರಿಂದಲೂ ಕಂಪನಿ ಚೆನ್ನಾಗಿ ನಡೆದಿರಬಹುದು, ಇವರದು ನಡೆದಿತ್ತು. ಆದರೆ ಅದನ್ನು ಸ್ಟ್ರಾಟಜಿ ಎಂದು ಕರೆದ ಕೂಡಲೇ ಇನ್ನೊಬ್ಬರು ಅದಕ್ಕೆ ತಲೆಬಾಗಲೇಬೇಕು. ಅಂಬತ್ತೂರಿನ ಆ ಮೇಜಿನ ಸುತ್ತ ಕೂತ ಹೆಂಗಸರೂ ಸೇರಿ.

ಹಾಗೆಂದು ಅವರು ಬೇಡವೆಂದದ್ದನ್ನು ಬರೆಯುವ ಹಕ್ಕೂ ನನಗಿರಲಿಲ್ಲ. ಎರಡು ದಿನ ಯಾವ ದಾರಿಯೂ ತೋಚಲಿಲ್ಲ. ಆಮೇಲೆ ನಮ್ಮ ಕಸುಬಿನ ಹಳೆಯ ಕಟ್ಟಳೆಗೇ ಹಿಂತಿರುಗಿದೆ: ಸಂಗತಿಗಳನ್ನು ಬರೆ, ಅಭಿಪ್ರಾಯ ಬಿಡು. ಕೇಸನ್ನು ಹೊಸದಾಗಿ ಬರೆದೆ. ಬೇಡವೆಂದ ಗಿರಾಕಿಗಳು, ಕ್ಯಾಂಟೀನು, ಲಾಡ್ಜು, ಅರ್ಧ ಖಾಲಿ ಯೂನಿಟ್ಟು, ಹೊಟೇಲಿನವರ ಗಡುವು. ಯಾಕೆ ಎಂಬುದಕ್ಕೆ ಒಂದು ಸಾಲೂ ಇಲ್ಲ. ಪಾಠದ ಪುಟವನ್ನು ವಾಪಸು ಕೊಡು ಎಂದು ಡೀನ್‌ಗೆ ಹೇಳಿದೆ.

"ಮೇಡಂ, ಪ್ರಿಂಟಿಗೆ ಹೋಗ್ತಾ ಇದೆ! ಎಲ್ಲರಿಗೂ ಎಷ್ಟು ಇಷ್ಟ ಆಗಿದೆ ಗೊತ್ತಾ?"

"ಅದು ನಿಜ ಅಲ್ಲಪ್ಪ."

"ಸುಳ್ಳೂ ಅಲ್ಲವಲ್ಲ ಮೇಡಂ. ಲೆಸನ್ ಕರೆಕ್ಟಾಗೇ ಇದೆ."

"ಲೆಸನ್ ಸರಿ. ಆ ಲಾಂಡ್ರಿಯಿಂದ ಕಲಿತದ್ದಲ್ಲ. ಅವರ ಹೆಸರು ತೆಗೆದು ನಿನ್ನ ಹೆಸರಲ್ಲಿ ಹಾಕಿಕೋ."

ಕೊನೆಗೆ ಅವನು ಪುಟವನ್ನು ತೆಗೆಸಿದ. ಅದಾದ ಮೇಲೆ ಕೆಲವು ವಾರ ನನಗೆ ಫೋನ್ ಮಾಡಲಿಲ್ಲ.

ಕ್ಲಾಸಿನ ದಿನ ಗೊತ್ತಾಗಿತ್ತು. ಕೆಲಸದಲ್ಲಿರುವ ಮ್ಯಾನೇಜರುಗಳ ಶನಿವಾರದ ಬ್ಯಾಚು. ಹೊಸ ಕೇಸನ್ನು, ಒಪ್ಪಿಗೆ ಸಹಿ ಬೀಳುವ ಮುನ್ನ, ಮೊದಲ ಸಲ ಪ್ರಯೋಗಕ್ಕೆ ಪಾಠ ಮಾಡುವಾಗ ಆ ಕಂಪನಿಯವರನ್ನೇ ಕರೆಸಿ, ಯಾರೆಂದು ಹೇಳದೆ ಹಿಂದಿನ ಸಾಲಿನಲ್ಲಿ ಕೂರಿಸುವ ರೂಢಿ ನಮ್ಮಲ್ಲಿತ್ತು. ತಮ್ಮ ಬಗ್ಗೆ ಬೇರೆಯವರು ವಾದಿಸುವುದನ್ನು ಅವರು ಬಾಯಿ ಮುಚ್ಚಿ ಕೇಳಬೇಕು, ಕೊನೆಗೆ ಬೇಕಿದ್ದರೆ ಎದ್ದು ಮಾತಾಡಬಹುದು. ಯಜಮಾನರನ್ನೂ ಸೊಸೆಯನ್ನೂ ಕರೆದೆ. ಯಜಮಾನರಿಗೆ ಮೊದಲೇ ತಿಳಿಸಿದೆ: "ನಾನು ಬರೆದಿಲ್ಲ. ಆದರೆ ಅವರು ಬುದ್ಧಿವಂತರು, ಕಂಡುಹಿಡಿದರೆ ನಾನು ಅಡ್ಡ ಬರುವುದಿಲ್ಲ."

"ಬರ್ತೀನ್ರೀ," ಎಂದರು. "ಯಾರರ ಹುಡುಕ್ತಾರೇನು ನೋಡೂಣು."

ನನ್ನ ಹಳೆಯ ಕ್ಲಾಸ್ ರೂಮು ಗುರುತು ಸಿಗದಷ್ಟು ಬದಲಾಗಿತ್ತು. ಬೋರ್ಡಿನ ಜಾಗದಲ್ಲಿ ಸ್ಕ್ರೀನು. ಸೀಮೆಸುಣ್ಣದ ಪುಡಿಯಿಲ್ಲದ ಕೈಯಲ್ಲಿ ಏನು ಹಿಡಿಯಬೇಕೋ ತಿಳಿಯದೆ ಕನ್ನಡಕದ ಡಬ್ಬಿ ಹಿಡಿದುಕೊಂಡೆ.

ಮೊದಲು ಎದ್ದವನು ಬಿಡಿಭಾಗಗಳ ಕಾರ್ಖಾನೆಯವನು. "ಕ್ಲಾಸಿಕ್ ಫೋಕಸ್, ಮೇಡಂ. ಹೊಟೇಲ್ ಬೇಡ, ಯೂನಿಟ್ ಮುಚ್ಚಲಿ."

ಔಷಧ ಕಂಪನಿಯ ಹುಡುಗಿಯೊಬ್ಬಳು ತಟ್ಟನೆ ತಡೆದಳು. "ಹಾಗಾದರೆ ಕ್ಯಾಂಟೀನ್ ಯಾಕೆ ಬೇಡ? ಅದೇ ಹಾಸ್ಪಿಟಲ್ ತಾನೆ?"

"ಎಣ್ಣೆ ಕಲೆ."

"ಲಾಡ್ಜಲ್ಲಿ ಎಣ್ಣೆ ಇಲ್ಲವಾ? ನೀವು ಟ್ರಿಪ್ಲಿಕೇನ್ ಮೆಸ್ಸಲ್ಲಿ ಊಟ ಮಾಡೇ ಇಲ್ಲ ಅನ್ನಿಸುತ್ತೆ."

ಎಲ್ಲರೂ ನಕ್ಕರು. ವಾದ ಮುಂದುವರಿಯಿತು, ನೀರಿನ ಬಿಸಿ, ಗಾಡಿಯ ದೂರ, ಸೋಂಕಿನ ನಿಯಮ. ಒಂದೊಂದು ಕಾರಣ ಬಂದಾಗಲೂ ಯಾರೋ ಒಬ್ಬರು ಲಾಡ್ಜನ್ನೋ ಕ್ಯಾಂಟೀನನ್ನೋ ಹಿಡಿದು ಅದನ್ನು ಬೀಳಿಸುತ್ತಿದ್ದರು. ಕೊನೆಗೆ ಬ್ಯಾಂಕಿನ ಒಬ್ಬ ನಡುವಯಸ್ಸಿನವನು ಕೂತಲ್ಲಿಂದಲೇ ಹೇಳಿದ: "ಆ ಮನೆಯವರು ಪ್ಯೂರ್ ವೆಜ್. ಇಷ್ಟೇ ವಿಷಯ. ಟು-ಲೆಟ್ ಬೋರ್ಡಿನಲ್ಲಿ ಬರೆದಿರುವುದಿಲ್ಲ. ಮನೆ ನೋಡಿ, ಅಡ್ವಾನ್ಸ್ ಮಾತಾಡಿ ಎಲ್ಲ ಆದಮೇಲೆ, 'ಸಾರ್, ನೀವು ನಾನ್-ವೆಜ್ಜಾ?' ಅಂತಾರೆ."

ಮತ್ತೆ ನಗು ಎದ್ದಿತು. ಆದರೆ ಔಷಧ ಕಂಪನಿಯ ಹುಡುಗಿ ನಗಲಿಲ್ಲ. "ನನಗೆ ಅಣ್ಣಾ ನಗರದಲ್ಲಿ ಹಾಗೇ ಆಯಿತು," ಎಂದಳು. "ನೀರಿನ ಪ್ರಾಬ್ಲಂ ಅಂತ ಹೇಳಿದರು. ನಿಜ ಹೇಳಿದ್ದರೂ ಪರವಾಗಿರಲಿಲ್ಲ. ಆಮೇಲೆ ಅದೇ ಮನೆಗೆ ಬೇರೆಯವರು ಬಂದರು."



ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಯಜಮಾನರು ಎದ್ದು ನಿಂತಿದ್ದರು. ತಾವು ಯಾರೆಂದು ತಮಿಳಿನಲ್ಲಿ ಹೇಳಿದರು. ಬ್ಯಾಂಕಿನವನು ಮುಖ ಮುಚ್ಚಿಕೊಂಡ. "ಅವರು ಹೇಳಿದ್ದು ಸರಿ," ಎಂದರು ಯಜಮಾನರು. "ಇದು ಸ್ಟ್ರಾಟಜಿ ಅಲ್ಲ. ನನ್ನ ಕೈಯಲ್ಲಿ ಆಗುವುದಿಲ್ಲ, ಅಷ್ಟೇ. ಎಲ್ಲರಿಗೂ ಬೇರೆ ಬೇರೆ ಕಾರಣ ಹೇಳುತ್ತಾ ಬಂದೆ. ಹೇಳಿ ಹೇಳಿ ನನಗೂ ಅದೇ ನಿಜ ಅನ್ನಿಸಿಬಿಟ್ಟಿತ್ತು." ಆಮೇಲೆ ಆ ಹುಡುಗಿಯ ಕಡೆ ತಿರುಗಿದರು. "ನಿನಗೆ ಮನೆ ಕೊಡದವನು ನಾನಲ್ಲಮ್ಮ. ಆದರೆ ನಾನೂ ನೀರಿನ ಪ್ರಾಬ್ಲಂ ಅಂತಲೇ ಹೇಳುತ್ತಿದ್ದೆನೇನೋ."

ಯಾರೋ ಸೊಸೆಯನ್ನು ಕೇಳಿದರು: "ನೀವೇನು ಹೇಳ್ತೀರಿ ಮೇಡಂ?"

ಅವಳು ಎದ್ದು ನಿಂತಳು. ಅವಳ ಮಾತು ಇಂಗ್ಲಿಷಿನಲ್ಲಿತ್ತು, ನೆನಪಿದ್ದಷ್ಟು ಬರೆಯುತ್ತಿದ್ದೇನೆ. "ಕಾರಣ ನನಗೆ ಮೊದಲೇ ಗೊತ್ತಿತ್ತು. ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಅವರು ಫೋಕಸ್ ಅಂದರೆ ನಾನು ಲೆಕ್ಕ ತಂದು ತೋರಿಸುತ್ತಿದ್ದೆ, ಅವರು ಇನ್ನೊಂದು ಹೇಳುತ್ತಿದ್ದರು, ಮುಗಿಯುತ್ತಲೇ ಇರಲಿಲ್ಲ. ಈಗ 'ನನ್ನ ಕೈಯಲ್ಲಿ ಆಗುವುದಿಲ್ಲ' ಅಂದಿದ್ದಾರೆ. ಅದಕ್ಕೆ ನನ್ನ ಹತ್ತಿರ ಲೆಕ್ಕ ಇಲ್ಲ. ನನ್ನ ಕೈಯಲ್ಲಿ ಆಗುತ್ತದೆ ಅಂತ ಮಾತ್ರ ಹೇಳಬಲ್ಲೆ."

ಇಬ್ಬರೂ ಒಂದೇ ಕಾರಿನಲ್ಲಿ ಹೋದರು. ದಾರಿಯಲ್ಲಿ ಏನಾದರೂ ಮಾತಾಡಿದರೋ ಇಲ್ಲವೋ ತಿಳಿಯದು. ಮರುವಾರ ಯಜಮಾನರೇ ಕರೆಸಿದರು. ಆಫೀಸಿನ ಗೋಡೆಯಲ್ಲಿ ಲ್ಯಾಮಿನೇಟ್ ಮಾಡಿದ ಪುಟ ಇರಲಿಲ್ಲ, ಮೊಳೆ ಮಾತ್ರ ಇತ್ತು. ಕೇಸಿನ ಪ್ರತಿಯನ್ನು ಸಹಿ ಮಾಡಿ ನನ್ನ ಮುಂದೆ ಸರಿಸಿದರು.

"ಎರಡನೇ ಯೂನಿಟ್ ಆಕೀಗೆ ಬರದುಕೊಟ್ಟೀನಿ. ಹೊಟೇಲಿನವರಿಗೆ ಹೂಂ ಅಂದಾಳ. ನಡಸಲಿ. ಆದ್ರ ಅಪ್ಪನ ಹೆಸರು ಅದರ ಮ್ಯಾಲೆ ಬ್ಯಾಡ ಅಂದೀನಿ. ಗಾಡಿ ಮ್ಯಾಲಿಂದೂ ಅಳಸ್ಯಾರ."

ಆ ಹೆಸರಿಲ್ಲದೆ ಈ ಊರಿನಲ್ಲಿ ಹೊಸ ಲಾಂಡ್ರಿ ಗಿರಾಕಿ ಹುಡುಕುವುದು ಎಷ್ಟು ಕಷ್ಟವೆಂದು ನನ್ನಷ್ಟೇ ಅವರಿಗೂ ಗೊತ್ತಿತ್ತು. ಸೊಸೆಗೂ. ಅವಳು ಯೂನಿಟ್ಟನ್ನು ತೆಗೆದುಕೊಂಡು, ಅದರ ಬೆಲೆಯನ್ನೂ ತೆರಲು ಒಪ್ಪಿದ್ದಳು.

"ನಾನು ಅಲ್ಲಿ ಕಾಲಿಡಂಗಿಲ್ಲ, ಅಕ್ಕಾರ. ಆಕೀಗೂ ಹೇಳೀನಿ. ನೀವು ಹೋಗ್ತಿರ್ತೀರಿ ಅಲ್ರೀ?"

ಹೋದೆ, ಹೊಟೇಲಿನ ಬಟ್ಟೆ ಬರಲು ಶುರುವಾದ ಮೇಲೆ. ಎಲ್ಲ ಮೆಷೀನುಗಳೂ ತಿರುಗುತ್ತಿದ್ದವು. ಮಡಿಕೆಯ ಮೇಜಿನ ಹೆಂಗಸರಿಗೆ ನನ್ನ ಕಡೆ ನೋಡಲೂ ಪುರುಸೊತ್ತಿರಲಿಲ್ಲ. ಸೊಸೆ ಮಾತ್ರ ಒಂದು ರಾಶಿ ಬಿಳಿ ನ್ಯಾಪ್‌ಕಿನ್ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಗ್ರೇವಿಯ ಎಣ್ಣೆ ಹೋಗಿತ್ತು, ಅರಿಶಿನ ಹೋಗಿರಲಿಲ್ಲ. ಸೋಪಿನ ಕ್ಷಾರಕ್ಕೆ ಅದು ಹಳದಿಯಿಂದ ಕೆಂಪಿಗೆ ತಿರುಗಿ ಮೊಂಡು ಹಿಡಿದಿತ್ತು. ಬ್ಲೀಚ್ ಏರಿಸಿದರೆ ಬಟ್ಟೆಯ ಆಯುಸ್ಸು ಇಳಿಯುತ್ತದೆ, ಹೊಟೇಲಿನವರು ವಾಪಸು ಕಳಿಸುತ್ತಿದ್ದಾರೆ ಎಂದಳು. "ಇದೇ ತರ ಹೋದ್ರೆ ಆಂಟಿ, ಒಂದೇ ತಿಂಗಳಲ್ಲಿ ಕಾಂಟ್ರಾಕ್ಟ್ ಕ್ಯಾನ್ಸಲ್."

ಮರಳುವಾಗ ಯಜಮಾನರನ್ನು ಕಂಡೆ. ಅವರು ಏನೂ ಕೇಳಲಿಲ್ಲ. ಕಾಫಿ ಬಂತು. ಆಸ್ಪತ್ರೆಯ ಮಾತು, ಮಳೆಯ ಮಾತು ಆಯಿತು. ನಾನೂ ಬೇಕೆಂದೇ ಅಂಬತ್ತೂರಿನ ಮಾತೆತ್ತಲಿಲ್ಲ. ಲೋಟ ಕೆಳಗಿಟ್ಟು ಏಳುವಾಗ, ಎಲ್ಲೋ ನೋಡುತ್ತ ಕೇಳಿದರು:

"ಅರಿಶಿಣ ಹೋತೇನ್ರೀ?"

"ಇಲ್ಲ. ಕೆಂಪಾಗಿ ಕೂತಿದೆ."

"ಕೂಡತೈತಿ, ಕೂಡತೈತಿ." ಅವರ ದನಿಯಲ್ಲಿ ತಡೆಯಲಾಗದ ಒಂದು ಉತ್ಸಾಹ ಬಂದುಬಿಟ್ಟಿತು. "ಬ್ಲೀಚ್ ಹಾಕ್ಯಾಳ ಹೌದಲ್ಲ? ಹಾಕಬಾರದು. ಒದ್ದೀ ಇದ್ದಾಗನ ಮ್ಯಾಲೆ ಟೆರೇಸಿನಾಗ ಬಿಸಿಲಿಗೆ ಹರವಾಕ ಹೇಳ್ರಿ. ಮಧ್ಯಾಹ್ನದ ಬಿಸಿಲು ಬೀಳಬೇಕು, ಅರಿಶಿಣ ತಾನ ಹಾರಿಹೋಗತೈತಿ. ಡ್ರೈಯರಿಗೆ ಆಮ್ಯಾಲೆ."

"ನೀವೇ ಒಂದು ಫೋನ್ ಮಾಡಿ ಹೇಳಬಾರದೇ?"

ಅವರು ಬಾಗಿಲ ಕಡೆ ನಡೆದರು. ನಾನೇ ಅಲ್ಲೇ ನಿಂತು ಸೊಸೆಗೆ ಫೋನ್ ಮಾಡಿದೆ. ಒದ್ದೆ, ಟೆರೇಸು, ಮಧ್ಯಾಹ್ನದ ಬಿಸಿಲು ಎಂದು ಒಂದೊಂದಾಗಿ ಹೇಳುವಾಗ ಅವರು ಬಾಗಿಲ ಬಳಿ ನಿಂತು, ನಾನು ಏನಾದರೂ ಬಿಟ್ಟುಬಿಟ್ಟೆನೋ ಎಂದು ಕಿವಿಗೊಟ್ಟು ಕೇಳುತ್ತಿದ್ದರು.

"ಉಲ್ಟಾ ಹರವಬೇಕ್ರೀ," ಎಂದರು ಮೆಲ್ಲಗೆ. "ಕಲಿ ಮ್ಯಾಲೆ ಬರೂ ಹಂಗ."